ಕ್ಯಾಟ್ ಫುಡ್ ಪ್ಯಾಕೆಟ್‌ನಲ್ಲಿ ನಿಜವಾಗಿ ಮಾಂಸ ಎಷ್ಟಿದೆ? ಲೇಬಲ್ ಓದುವುದು ಹೀಗೆ

ಜೂನ್ 1 ಬಂತೆಂದರೆ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತುಬಿಡುತ್ತವೆ. ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ನಿಯಮ ಒಳ್ಳೆಯದೇ. ಆದರೆ ನಮ್ಮ ಮನೆಯ ಬೆಕ್ಕು ಕಾಳಿಗೆ ಇದನ್ನು ಯಾರು ಹೇಳುವುದು? ಕೋಡಿಬಾಗದಲ್ಲಿ ಕಾಳಿ ನದಿಯ ದಂಡೆ ಹತ್ತಿರ ಸಿಕ್ಕಿದ ಕಪ್ಪು ಮರಿ ಅವಳು, ಹಾಗಾಗಿ ಆ ಹೆಸರು. ವರ್ಷದ ಹತ್ತು ತಿಂಗಳು ಬಂಗಡೆ, ತಾರ್ಲೆ ತಿಂದು ಬೆಳೆದವಳು. ಮೀನಿನ ಅಕ್ಕ ಬರದ ದಿನ ಗೇಟಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಾಳೆ.

ಅಂಥ ಒಂದು ಜೂನ್‌ನಲ್ಲಿ ನಾನು ಮೊದಲ ಸಲ ಕ್ಯಾಟ್ ಫುಡ್ ತಂದೆ. ಪ್ಯಾಕೆಟ್ ಮುಂದೆ ನೀಲಿ ಅಲೆ, ಅದರಿಂದ ಜಿಗಿಯುವ ದೊಡ್ಡ ಮೀನು, ಕೆಳಗೆ 'ಓಶನ್ ಫಿಶ್ ಫ್ಲೇವರ್'. ಮನೆಗೆ ಬಂದು ಹಿಂದೆ ತಿರುಗಿಸಿ ಓದಿದರೆ ಮೊದಲ ಹೆಸರು ಮೆಕ್ಕೆಜೋಳ. ಎರಡನೆಯದು ಅಕ್ಕಿ ನುಚ್ಚು. ಮೀನು ಹುಡುಕಲು ಕನ್ನಡಕ ಬೇಕಾಯಿತು. ಕಡಲ ದಂಡೆಯಲ್ಲೇ ಇದ್ದುಕೊಂಡು ದುಡ್ಡು ಕೊಟ್ಟು ಮೀನಿನ ಚಿತ್ರ ಕೊಂಡು ತಂದಿದ್ದೆ.

ಅಂದಿನಿಂದ ಮುಂಭಾಗ ನೋಡುವುದನ್ನೇ ಬಿಟ್ಟಿದ್ದೇನೆ. ನಾನು ಓದುವ ಕ್ರಮ ಕೆಳಗಿದೆ. ಇದು ಆರೋಗ್ಯವಾಗಿರುವ ಬೆಕ್ಕಿಗೆ. ಕಿಡ್ನಿ, ಮೂತ್ರ, ಶುಗರ್ ತೊಂದರೆ ಇದ್ದರೆ ಲೇಬಲ್ ಬದಿಗಿಟ್ಟು ಪಶುವೈದ್ಯರ ಮಾತು ಕೇಳಿ.

ಲೇಬಲ್ ಇದೆಯಾ, ಮೊದಲು ಅದನ್ನು ನೋಡಿ

ತಮಾಷೆ ಅಲ್ಲ. ನಮ್ಮ ಕಡೆ ಕೆಲವು ಅಂಗಡಿಗಳಲ್ಲಿ ದೊಡ್ಡ ಚೀಲ ಒಡೆದು ಪಾರದರ್ಶಕ ಕವರಿನಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಅಗ್ಗ ಅನಿಸುತ್ತದೆ. ಆದರೆ ಅದರಲ್ಲಿ ಏನಿದೆ, ಯಾವಾಗ ತಯಾರಾಯಿತು, ಯಾವಾಗ ಒಡೆದರು, ಒಂದೂ ಗೊತ್ತಾಗುವುದಿಲ್ಲ. ಕರಾವಳಿಯ ಮಳೆಗಾಲದ ಗಾಳಿಗೆ ಹಪ್ಪಳವೇ ಅರ್ಧ ದಿನ ತಡೆಯುವುದಿಲ್ಲ. ಡ್ರೈ ಫುಡ್ ಮೇಲೆ ಕೊಬ್ಬು ಸವರಿರುತ್ತಾರೆ, ಗಾಳಿಯಾಡಿದರೆ ಅದು ಕಮಟು ಹಿಡಿಯುತ್ತದೆ. ಒಮ್ಮೆ ಹಾಗೆ ತಂದದ್ದನ್ನು ಕಾಳಿ ಮೂಸಿ ನೋಡಿ, ಮಣ್ಣು ಮುಚ್ಚುವ ಹಾಗೆ ನೆಲ ಕೆರೆದು ಹೊರಟುಹೋದಳು. ಇದಕ್ಕಿಂತ ಸ್ಪಷ್ಟ ಅಭಿಪ್ರಾಯ ಬೇಕಾ?

ಸೀಲ್ ಆದ ಪ್ಯಾಕೆಟ್‌ನಲ್ಲಿ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ತಯಾರಾದ ತಿಂಗಳು-ವರ್ಷ, ನಿವ್ವಳ ತೂಕ, ಎಂಆರ್‌ಪಿ, ಗ್ರಾಹಕರು ದೂರು ಕೊಡಲು ಫೋನ್ ನಂಬರ್ ಇರಬೇಕು. ಹೊರದೇಶದ್ದಾದರೆ ದೇಶದ ಹೆಸರೂ ಇರಬೇಕು. ಹಲವು ಪೌಚುಗಳ (ಒದ್ದೆ ಆಹಾರದ ಪುಟ್ಟ ಚೀಲ) ಹಿಂದೆ ಥಾಯ್ಲೆಂಡ್ ಎಂದಿರುತ್ತದೆ. ಅದರಲ್ಲೇನೂ ತಪ್ಪಿಲ್ಲ, ಆ ದೇಶ ಕ್ಯಾಟ್ ಫುಡ್ ರಫ್ತಿನಲ್ಲಿ ದೊಡ್ಡ ಹೆಸರು. ಕಾರವಾರದ ಬೆಕ್ಕಿಗೆ ಥಾಯ್ಲೆಂಡಿನಿಂದ ಮೀನು ಬರುತ್ತದಲ್ಲ ಅಂತ ನಗು ಬರುತ್ತದೆ, ಅಷ್ಟೇ.

ಹೆಸರಿನ ಜೊತೆಗಿರುವ ಸಣ್ಣ ಪದ ಹಿಡಿಯಿರಿ

'ಚಿಕನ್', 'ಟ್ಯೂನಾ' ಅನ್ನುವ ದೊಡ್ಡ ಅಕ್ಷರಕ್ಕಿಂತ ಅದರ ಅಕ್ಕಪಕ್ಕದ ಪುಟ್ಟ ಪದವೇ ಮುಖ್ಯ. ಇದಕ್ಕೆ ಅಮೆರಿಕದಲ್ಲಿ ಒಂದು ಲೆಕ್ಕ ಇದೆ. ಅಲ್ಲಿನ ಮೇವು ನಿಯಂತ್ರಣ ಅಧಿಕಾರಿಗಳ ಸಂಘಕ್ಕೆ ಆಫ್ಕೋ ಅನ್ನುತ್ತಾರೆ. ಅದರ ಮಾದರಿ ನಿಯಮ ಹೀಗಿದೆ:

'ಟ್ಯೂನಾ ಕ್ಯಾಟ್ ಫುಡ್' ಅಂತ ಮಾಂಸದ ಹೆಸರು ನೇರವಾಗಿ ಇದ್ದರೆ, ಸೇರಿಸಿದ ನೀರು ಬಿಟ್ಟು ಶೇ 95ರಷ್ಟಾದರೂ ಅದೇ ಇರಬೇಕು. ನೀರು ಸೇರಿಸಿ ಲೆಕ್ಕ ಹಾಕಿದರೂ ಶೇ 70 ಇರಬೇಕು.
'ಟ್ಯೂನಾ ಡಿನ್ನರ್', 'ಚಿಕನ್ ಆಂಟ್ರೇ', 'ಫಾರ್ಮುಲಾ', 'ಪ್ಲ್ಯಾಟರ್' ಇಂಥ ಬಾಲ ಇದ್ದರೆ ಶೇ 25 ಇದ್ದರೆ ಸಾಕು.
'ವಿತ್ ಟ್ಯೂನಾ' ಅಂದರೆ ಶೇ 3.
'ಟ್ಯೂನಾ ಫ್ಲೇವರ್' ಅಂದರೆ ಇಷ್ಟೇ ಇರಬೇಕೆಂಬ ಕಟ್ಟಿಲ್ಲ. ರುಚಿ ಗೊತ್ತಾದರೆ ಆಯಿತು.

'ಟ್ಯೂನಾ ಕ್ಯಾಟ್ ಫುಡ್' ಮತ್ತು 'ಕ್ಯಾಟ್ ಫುಡ್ ವಿತ್ ಟ್ಯೂನಾ' ಎರಡನ್ನೂ ಅವಸರದಲ್ಲಿ ಓದಿದರೆ ಒಂದೇ. ವ್ಯತ್ಯಾಸ 95 ಮತ್ತು 3ರದ್ದು! ಯುರೋಪಿನಲ್ಲಿ ಇದೇ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ 'ವಿತ್' ಎಂದರೆ ಶೇ 4, 'ರಿಚ್ ಇನ್' ಎಂದರೆ ಶೇ 14. ಫ್ಲೇವರ್ ಎಂಬುದಕ್ಕೆ ನಮ್ಮ ಊರಿನ ಉದಾಹರಣೆ ಬೇಕಿದ್ದರೆ ಜಾತ್ರೆಯಲ್ಲಿ ಸಿಗುವ ಮಾವಿನಹಣ್ಣಿನ ಐಸ್‌ಕ್ಯಾಂಡಿ ನೆನಪಿಸಿಕೊಳ್ಳಿ. ಮಾವಿನ ಬಣ್ಣ, ಮಾವಿನ ಪರಿಮಳ, ಮಾವಿನಹಣ್ಣು ಮಾತ್ರ ಇಲ್ಲ.

ಒಂದು ಎಚ್ಚರಿಕೆ. ಇದು ಭಾರತದ ಕಾನೂನಲ್ಲ. ನಮ್ಮಲ್ಲಿ ನಾಯಿ-ಬೆಕ್ಕಿನ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಐಎಸ್ 11968 ಎಂಬ ಮಾನದಂಡ ಇದೆ. ಆದರೂ ಹೆಸರಿನ ಪದವನ್ನು ಇಲ್ಲಿ ಸುಳಿವು ಅಂತಷ್ಟೇ ಇಟ್ಟುಕೊಳ್ಳಿ. ಫ್ಲೇವರ್ ಎಂದಿದ್ದರೆ ಮಾಂಸ ಕಡಿಮೆ ಎಂದು ಅನುಮಾನಿಸಬಹುದು. ನೇರ ಹೆಸರಿದ್ದರೂ ಹಿಂದಿನ ಪಟ್ಟಿ ನೋಡದೆ ನಂಬಬೇಡಿ. ಇನ್ನೊಂದು, ಆಫ್ಕೋ ಯಾವ ಪ್ಯಾಕೆಟ್ಟಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. 'ಆಫ್ಕೋ ಅನುಮೋದಿತ' ಅಂತ ಯಾರಾದರೂ ಅಂದರೆ ಅದು ಸುಳ್ಳು ಅಥವಾ ಅಜ್ಞಾನ.

ಪದಾರ್ಥಗಳ ಪಟ್ಟಿ: ಇಲ್ಲಿ ನಿಧಾನ ಮಾಡಿ

ಪಟ್ಟಿಯಲ್ಲಿ ಜಾಸ್ತಿ ತೂಕದ್ದು ಮೊದಲು, ಕಡಿಮೆಯದು ಕೊನೆಗೆ. ಆದರೆ ಆ ತೂಕ ಬೇಯಿಸುವ ಮೊದಲಿನದ್ದು. ಆಟ ಇರುವುದು ಇಲ್ಲೇ.

ಹಸಿ ಕೋಳಿ ಮಾಂಸದಲ್ಲಿ ಸುಮಾರು ಶೇ 70 ನೀರು. ಡ್ರೈ ಫುಡ್ ತಯಾರಾದ ಮೇಲೆ ಉಳಿಯುವ ನೀರು ಶೇ 10ರ ಆಸುಪಾಸು. ಒಂದು ಲೆಕ್ಕ ಹಾಕೋಣ. ಕಾರ್ಖಾನೆಯವರು 20 ಕಿಲೋ ಹಸಿ ಕೋಳಿ, 18 ಕಿಲೋ ಅಕ್ಕಿ, 17 ಕಿಲೋ ಜೋಳ, 15 ಕಿಲೋ ಸೋಯಾ ಹಾಕಿದರು ಅನ್ನಿ. ಪಟ್ಟಿಯಲ್ಲಿ ಕೋಳಿಯೇ ನಂಬರ್ ಒನ್. ಮುಂದುಗಡೆ 'ರಿಯಲ್ ಚಿಕನ್ ಮೊದಲ ಪದಾರ್ಥ' ಎಂದು ದಪ್ಪಕ್ಷರದಲ್ಲಿ ಹಾಕಬಹುದು. ನೀರು ಹೋದ ಮೇಲೆ ಆ 20 ಕಿಲೋದಲ್ಲಿ ಉಳಿಯುವುದು 6 ಕಿಲೋ. ಅಕ್ಕಿ, ಜೋಳ, ಸೋಯಾ ಮೊದಲೇ ಒಣಗಿದ್ದವು, ಅವು ಹೆಚ್ಚುಕಮ್ಮಿ ಹಾಗೇ ಉಳಿಯುತ್ತವೆ. ಈಗ ಕೋಳಿ ನಾಲ್ಕನೇ ಸ್ಥಾನದಲ್ಲಿ. ಸುಳ್ಳು ಯಾರೂ ಹೇಳಲಿಲ್ಲ. ಹಸಿ ಬಂಗಡೆ ತೂಗಿ ಕೊಂಡು ಒಣಗಿಸಿ ಮಾರುವವರಿಗೆ ಈ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ.

ಎರಡನೇ ಆಟ ಒಡೆದು ಬರೆಯುವುದು. ಅಕ್ಕಿ, ಅಕ್ಕಿ ನುಚ್ಚು, ಅಕ್ಕಿ ತೌಡು ಅಂತ ಮೂರು ಕಡೆ ಮೂರು ಹೆಸರು. ಒಂದೊಂದೂ ಕೋಳಿಗಿಂತ ಕಡಿಮೆ, ಹಾಗಾಗಿ ಕೋಳಿ ಮೇಲೆ. ಮೂರನ್ನೂ ಕೂಡಿದರೆ ಅಕ್ಕಿಯೇ ಯಜಮಾನ. ಮೆಕ್ಕೆಜೋಳ ಮತ್ತು ಕಾರ್ನ್ ಗ್ಲುಟನ್ (ಅದೇ ಜೋಳದ ಪ್ರೋಟೀನ್), ಬಟಾಣಿ ಮತ್ತು ಪೀ ಪ್ರೋಟೀನ್ ಕೂಡ ಹೀಗೇ. ಬೆರಳಿಟ್ಟು ಒಂದೇ ಜಾತಿಯದನ್ನು ಒಟ್ಟು ಮಾಡಿ ಓದಿ.

ಮೂರನೆಯದು ಉಪ್ಪು. ಬೆಕ್ಕಿನ ಆಹಾರದಲ್ಲಿ ಉಪ್ಪು ಬಹಳ ಸ್ವಲ್ಪ, ಸಾಮಾನ್ಯವಾಗಿ ಶೇ 1ರ ಒಳಗೇ. ಪಟ್ಟಿಯಲ್ಲಿ ಉಪ್ಪಿನ ನಂತರ ಬಂದದ್ದೆಲ್ಲ ಅದಕ್ಕಿಂತಲೂ ಕಡಿಮೆ. ವಿಟಮಿನ್, ಖನಿಜ, ಟಾರಿನ್ (ಬೆಕ್ಕಿನ ಹೃದಯಕ್ಕೆ ಬೇಕಾದ ಅಂಶ) ಅಲ್ಲಿ ಬರುವುದು ಸಹಜ, ಅವು ಚೂರೇ ಬೇಕು. ಆದರೆ ಮುಂಭಾಗದಲ್ಲಿ ಚಿತ್ರ ಹಾಕಿದ ಸಾಲ್ಮನ್, ಸೀಗಡಿ ಉಪ್ಪಿನ ಆಚೆ ಕೂತಿದ್ದರೆ, ಆ ಸೀಗಡಿಯನ್ನು ಪ್ಯಾಕೆಟ್ ಪಕ್ಕದಲ್ಲಿ ಹಾಯಿಸಿಕೊಂಡು ಹೋಗಿದ್ದಾರೆ ಅಂದುಕೊಳ್ಳಿ.

'ಮೀಲ್' ಕೆಟ್ಟದ್ದಲ್ಲ, 'ಬೈ-ಪ್ರಾಡಕ್ಟ್' ಕೂಡ ಅಲ್ಲ

ಇಲ್ಲಿ ನನ್ನ ಅಭಿಪ್ರಾಯ ಬಹಳ ಜನರಿಗಿಂತ ಬೇರೆ. ಇವೆರಡು ಪದ ಕಂಡ ಕೂಡಲೇ ಪ್ಯಾಕೆಟ್ ವಾಪಸ್ ಇಡುವವರಿದ್ದಾರೆ.

ಕರಾವಳಿಯವರಿಗೆ ಫಿಶ್‌ಮೀಲ್ ಹೊಸದಲ್ಲ. ಕಾರ್ಖಾನೆ ಎಲ್ಲಿದೆ ಅಂತ ಗಾಳಿಯೇ ಹೇಳುತ್ತದೆ. ನಾಲ್ಕೈದು ಕಿಲೋ ಹಸಿ ಮೀನು ಬೇಯಿಸಿ, ಹಿಂಡಿ, ಒಣಗಿಸಿದರೆ ಒಂದು ಕಿಲೋ ಮೀಲ್. ಚಿಕನ್ ಮೀಲ್ ಕೂಡ ಅದೇ ದಾರಿ. ನೀರು ಮೊದಲೇ ಹೋಗಿರುವುದರಿಂದ ಪಟ್ಟಿಯಲ್ಲಿ ಮೂರನೆಯ ಸ್ಥಾನದಲ್ಲಿರುವ ಚಿಕನ್ ಮೀಲ್, ಮೊದಲ ಸ್ಥಾನದ ಹಸಿ ಚಿಕನ್‌ಗಿಂತ ಜಾಸ್ತಿ ಪ್ರೋಟೀನ್ ಕೊಡಬಹುದು.

ಬೈ-ಪ್ರಾಡಕ್ಟ್ ಎಂದರೆ ಲಿವರ್, ಕಿಡ್ನಿ, ಗುಲ್ಮ, ಶ್ವಾಸಕೋಶ, ಕೋಳಿಯದಾದರೆ ತಲೆ, ಕಾಲು ಕೂಡ. ಆಫ್ಕೋ ವ್ಯಾಖ್ಯೆಯಲ್ಲಿ ದನ-ಕುರಿಯಂಥ ಪ್ರಾಣಿಗಳ ಕೂದಲು, ಕೊಂಬು, ಗೊರಸು, ಹಲ್ಲು ಇದರಲ್ಲಿ ಸೇರುವಂತಿಲ್ಲ. ಕಾರವಾರದ ಮೀನು ಪೇಟೆಗೆ ಹೋಗಿ ನೋಡಿ. ಮೆಟ್ಟುಗತ್ತಿಯ ಕೆಳಗೆ ಕಾದು ಕೂತ ಬೆಕ್ಕು ಏನು ತಿನ್ನುತ್ತದೆ? ತಲೆ, ಕರುಳು, ತತ್ತಿ. ಇಸ್ವಾಣದ ಹೋಳು ನಮಗೆ, ಬೈ-ಪ್ರಾಡಕ್ಟ್ ಅದಕ್ಕೆ. ಇಲಿ ಹಿಡಿದ ಬೆಕ್ಕು ಬರೀ ತೊಡೆ ಮಾಂಸ ತಿಂದು ಉಳಿದದ್ದು ಬಿಡುವುದಿಲ್ಲ. ಲಿವರ್, ಹೃದಯದಂಥ ಭಾಗಗಳಲ್ಲಿ ಬೆಕ್ಕಿಗೆ ಬೇಕಾದದ್ದು ಬೇಕಾದಷ್ಟಿದೆ.

ಹಾಗಾದರೆ ಯಾವುದು ಬೇಡ? ಹೆಸರಿಲ್ಲದ್ದು. 'ಚಿಕನ್ ಮೀಲ್', 'ಟ್ಯೂನಾ', 'ಚಿಕನ್ ಲಿವರ್' ಸರಿ. 'ಮೀಟ್ ಮೀಲ್', 'ಅನಿಮಲ್ ಡೆರಿವೇಟಿವ್ಸ್', 'ಪೌಲ್ಟ್ರಿ ಅಥವಾ ಫಿಶ್ ಪ್ರೋಟೀನ್' ಅಂದರೆ ಈ ತಿಂಗಳು ಅಗ್ಗಕ್ಕೆ ಸಿಕ್ಕಿದ್ದು ಈ ತಿಂಗಳು, ಮುಂದಿನ ತಿಂಗಳದ್ದು ಮುಂದೆ. ಒಂದು ಬೆಕ್ಕಿಗೆ ಯಾವುದೋ ಮಾಂಸ ತುರಿಕೆ ತರುತ್ತಿದ್ದರೆ ಇಂಥ ಲೇಬಲ್ಲಿನಿಂದ ಕಾರಣ ಹಿಡಿಯಲು ಆಗುವುದೇ ಇಲ್ಲ.

ಈಗ ಒಂದು ಭಾಗಾಕಾರ

ಪ್ಯಾಕೆಟ್ ಹಿಂದೆ ಪ್ರೋಟೀನ್, ಕೊಬ್ಬು, ನಾರು, ತೇವಾಂಶದ ಅಂಕಿ ಇರುತ್ತದೆ. ಪೌಚ್‌ನಲ್ಲಿ ಪ್ರೋಟೀನ್ ಶೇ 8, ಡ್ರೈ ಫುಡ್‌ನಲ್ಲಿ ಶೇ 30. ನೋಡಿದ ಕೂಡಲೇ ಡ್ರೈ ಗೆದ್ದಂತೆ ಕಾಣುತ್ತದೆ. ನೀರು ತೆಗೆದು ನೋಡಿ. 100ರಿಂದ ತೇವಾಂಶ ಕಳೆಯಿರಿ, ಬಂದದ್ದರಿಂದ ಪ್ರೋಟೀನನ್ನು ಭಾಗಿಸಿ, 100ರಿಂದ ಗುಣಿಸಿ. ಪೌಚ್‌ನ ತೇವಾಂಶ 84 ಇದ್ದರೆ ಉಳಿದದ್ದು 16. ಎಂಟನ್ನು 16ರಿಂದ ಭಾಗಿಸಿದರೆ ಶೇ 50. ಡ್ರೈ ಫುಡ್‌ನ ತೇವಾಂಶ 10 ಇದ್ದರೆ, 30ನ್ನು 90ರಿಂದ ಭಾಗಿಸಿದರೆ ಶೇ 33. ಗೆದ್ದದ್ದು ಪೌಚ್.

ನೀರು ತೆಗೆದ ಈ ಲೆಕ್ಕದಲ್ಲಿ ದೊಡ್ಡ ಬೆಕ್ಕಿಗೆ ಕನಿಷ್ಠ ಶೇ 26, ಮರಿಗೆ ಮತ್ತು ಗಬ್ಬದ ಬೆಕ್ಕಿಗೆ ಶೇ 30 ಎಂದು ಆಫ್ಕೋ ಹೇಳುತ್ತದೆ. ಅದು ಕನಿಷ್ಠ, ಗುರಿ ಅಲ್ಲ.

ಹಿಟ್ಟಿನ ಅಂಶ, ಅಂದರೆ ಕಾರ್ಬೋಹೈಡ್ರೇಟ್, ಎಷ್ಟಿದೆ ಅಂತ ಬಹುತೇಕ ಲೇಬಲ್ ಹೇಳುವುದಿಲ್ಲ. ನೀವೇ ಕಂಡುಹಿಡಿಯಿರಿ. ಅದೇ ಡ್ರೈ ಪ್ಯಾಕೆಟ್‌ನಲ್ಲಿ ಪ್ರೋಟೀನ್ 30, ಕೊಬ್ಬು 10, ನಾರು 4, ತೇವಾಂಶ 10, ಬೂದಿ (ಅಂದರೆ ಖನಿಜಾಂಶ) ಬರೆದಿಲ್ಲದಿದ್ದರೆ ಅಂದಾಜು 8. ಒಟ್ಟು 62. ಉಳಿದ 38 ಹಿಟ್ಟು. ನನ್ನ ಮೊದಲ ಓಶನ್ ಫಿಶ್ ಪ್ಯಾಕೆಟ್‌ಗೆ ಈ ಲೆಕ್ಕ ಹಾಕಿದ ದಿನ ಗಂಡ ಅಂದರು, "ಇದು ಮೀನಲ್ಲ ಮಾರಾಯ್ತಿ, ಮೀನಿನ ಪರಿಮಳದ ರೊಟ್ಟಿ."

ಈ ಅಂಕಿಗೂ ಒಂದು ಮಿತಿ ಇದೆ. 'ಕ್ರೂಡ್ ಪ್ರೋಟೀನ್' ಅಂದರೆ ಸಾರಜನಕ ಅಳೆದು 6.25ರಿಂದ ಗುಣಿಸಿ ಬರೆದದ್ದು. ಅದು ಕೋಳಿಯಿಂದ ಬಂತೋ ಗೋಧಿ ಗ್ಲುಟನ್‌ನಿಂದ ಬಂತೋ ಅಂಕಿಗೆ ಗೊತ್ತಾಗುವುದಿಲ್ಲ. 2007ರಲ್ಲಿ ಚೀನಾದಿಂದ ಬಂದ ಗೋಧಿ ಗ್ಲುಟನ್‌ಗೆ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ್ದರು. ಅದರಲ್ಲಿ ಸಾರಜನಕ ಜಾಸ್ತಿ, ಪರೀಕ್ಷೆಯಲ್ಲಿ ಪ್ರೋಟೀನ್ ಜಾಸ್ತಿ ಇರುವಂತೆ ಕಂಡಿತು. ಅಮೆರಿಕದಲ್ಲಿ ಎಷ್ಟೋ ಬೆಕ್ಕು-ನಾಯಿಗಳು ಕಿಡ್ನಿ ಹಾಳಾಗಿ ಸತ್ತವು, ಕೋಟಿಗಟ್ಟಲೆ ಪ್ಯಾಕೆಟ್ ವಾಪಸ್ ತರಿಸಿದರು. ಹಾಗಾಗಿ ಅಂಕಿ ಮತ್ತು ಪಟ್ಟಿ, ಎರಡನ್ನೂ ಒಟ್ಟಿಗೆ ಓದಬೇಕು. ಪ್ರೋಟೀನ್ 34 ಇದ್ದು ಪಟ್ಟಿಯ ತುಂಬ ಗ್ಲುಟನ್, ಸೋಯಾ, ಪೀ ಪ್ರೋಟೀನ್ ಇದ್ದರೆ ಆ 34 ಮಾಂಸದ್ದಲ್ಲ. 'ಗ್ರೇನ್ ಫ್ರೀ' ಅಂದರೂ ಇದೇ ಪ್ರಶ್ನೆ ಕೇಳಿ. ಅಕ್ಕಿ ತೆಗೆದ ಜಾಗಕ್ಕೆ ಬಂದದ್ದು ಮಾಂಸವೋ, ಆಲೂಗಡ್ಡೆ-ಬಟಾಣಿಯೋ?

'ಕಂಪ್ಲೀಟ್' ಎಂಬ ಪದ ಇದೆಯಾ?

ಮಾಂಸ ಜಾಸ್ತಿ ಇದ್ದ ಮಾತ್ರಕ್ಕೆ ಅದು ಊಟ ಅಲ್ಲ. ಶೇ 95 ಟ್ಯೂನಾ ಇರುವ ಪೌಚ್‌ನ ಮೂಲೆಯಲ್ಲಿ 'ಕಾಂಪ್ಲಿಮೆಂಟರಿ' ಅಥವಾ 'ಟ್ರೀಟ್' ಅಂತ ಇದ್ದರೆ ಅದು ಬಾಯಿರುಚಿಗೆ, ಹೊಟ್ಟೆಗಲ್ಲ. ನೆಕ್ಕಿಸುವ ಕ್ರೀಮ್ ಟ್ಯೂಬ್‌ಗಳು ಬಹುಪಾಲು ಈ ಜಾತಿಯವು. 'ಕಂಪ್ಲೀಟ್ ಆ್ಯಂಡ್ ಬ್ಯಾಲೆನ್ಸ್ಡ್' ಎಂದು, ಮರಿಗೋ ದೊಡ್ಡದಕ್ಕೋ ಎಂದು ಸ್ಪಷ್ಟ ಇರಬೇಕು.

ಇದರ ಹಿಂದೆ ಒಂದು ದುಬಾರಿ ಪಾಠ ಇದೆ. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ಸಂಗಡಿಗರು, ಬೆಕ್ಕುಗಳ ಹೃದಯ ಹಿಗ್ಗಿ ಸೋಲುವ ಒಂದು ಕಾಯಿಲೆಗೆ ಟಾರಿನ್ ಕೊರತೆ ಕಾರಣ ಎಂದು ತೋರಿಸಿಕೊಟ್ಟರು. ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಅಂಗಡಿಯ ಆಹಾರವೇ. ಆಮೇಲೆ ಕಂಪನಿಗಳು ಟಾರಿನ್ ಹೆಚ್ಚಿಸಿದವು. ಈಗ ಪಟ್ಟಿಯಲ್ಲಿ ಟಾರಿನ್ ಹೆಸರು ಕಾಣದಿದ್ದರೆ ನಾನು ಮುಂದೆ ಓದುವುದೇ ಇಲ್ಲ.

'ಪ್ರೀಮಿಯಂ', 'ಗೋರ್ಮೆ', 'ಹೋಲಿಸ್ಟಿಕ್', 'ಶೆಫ್ ಸ್ಪೆಷಲ್' ಇವಕ್ಕೆ ಕಾನೂನಿನ ಅರ್ಥವೇ ಇಲ್ಲ. ಇವನ್ನು ದಾಟಿ ಹೋಗಿ.

ಶಿರಸಿಯ ಹಾಲನ್ನದ ಬೆಕ್ಕು

ಶಿರಸಿ ಕಡೆಯ ಗೆಳತಿಯ ಮನೆಗೆ ಹೋದಾಗ ಅವಳ ಆಯಿ ಕೇಳಿದರು, "ಹಾಲನ್ನ ಹಾಕಿರೆ ಸಾಲ್ತಿಲ್ಯನೇ ತಂಗಿ? ನಮ್ಮನೆ ಬೆಕ್ಕು ಅದ್ರಲ್ಲೇ ಬೆಳೆದಿದ್ದು." ಅವರದು ಮಾಂಸ ಮನೆಯೊಳಗೆ ಬಾರದ ಮನೆ. ನಾನು ಅಟ್ಟದ ಕಡೆ ಕೈ ತೋರಿಸಿದೆ. ಅಡಿಕೆ ಚೀಲ ಇರುವಲ್ಲಿ ಇಲಿ ಇದ್ದೇ ಇರುತ್ತದೆ. ಹಾಲನ್ನ ತಿಂದು ಬದುಕಿದ ಬೆಕ್ಕಲ್ಲ ಅದು, ಇಲಿ ತಿಂದು ಬದುಕಿ ಮೇಲಿಂದ ಹಾಲನ್ನ ತಿಂದದ್ದು. ಪೇಟೆಯ ಬಾಡಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಸಾಕುವ ಬೆಕ್ಕಿಗೆ ಆ ಅಟ್ಟ ಇಲ್ಲ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗುವುದೂ ಕಷ್ಟ, ಭೇದಿ ಆಗುತ್ತದೆ.

ಮಾಂಸ ಮುಟ್ಟದ ಮನೆಯವರಿಗೆ ಸೀಲ್ ಆದ ಡ್ರೈ ಫುಡ್ಡೇ ಸುಲಭದ ದಾರಿ. ಬೇಯಿಸುವುದಿಲ್ಲ, ಕತ್ತರಿಸುವುದಿಲ್ಲ, ಬೇರೆ ಡಬ್ಬಿ, ಬೇರೆ ಚಮಚ ಇಟ್ಟರಾಯಿತು. ಆದರೆ ಮನಸ್ಸಿನ ಸಮಾಧಾನಕ್ಕೆ ಸಸ್ಯಾಹಾರಿ ಕ್ಯಾಟ್ ಫುಡ್ ಹುಡುಕಬೇಡಿ. ಕ್ಯಾರೆಟ್ಟಿನಿಂದ ವಿಟಮಿನ್ ಎ ಮಾಡಿಕೊಳ್ಳಲು ಕೂಡ ಬೆಕ್ಕಿಗೆ ಬರುವುದಿಲ್ಲ. ಆಯಿ ಸ್ವಲ್ಪ ಹೊತ್ತು ಯೋಚಿಸಿ, ಡಬ್ಬಿ ಜಗುಲಿಯಲ್ಲಿಡಲು ಒಪ್ಪಿದರು.

ಮನೆಗೆ ತಂದ ಮೇಲೆ

ಹೊಸ ಆಹಾರವನ್ನು ಹಳೆಯದರ ಜೊತೆ ಬೆರೆಸಿ, ಏಳರಿಂದ ಹತ್ತು ದಿನದಲ್ಲಿ ನಿಧಾನಕ್ಕೆ ಬದಲಿಸಿ. ಪ್ಯಾಕೆಟ್‌ನಿಂದ ತೆಗೆದು ಡಬ್ಬಿಗೆ ಸುರಿಯಬೇಡಿ. ಪ್ಯಾಕೆಟ್ಟನ್ನೇ ಬಾಯಿ ಮಡಚಿ ಗಾಳಿಯಾಡದ ಡಬ್ಬಿಯೊಳಗೆ ಇಡಿ, ಲೇಬಲ್ಲೂ ಬ್ಯಾಚ್ ನಂಬರೂ ಜೊತೆಗೇ ಉಳಿಯುತ್ತವೆ. ಮಳೆಗಾಲದಲ್ಲಿ ಸಣ್ಣ ಪ್ಯಾಕೆಟ್ಟೇ ಲಾಭ. ಡ್ರೈ ಫುಡ್ ಮಾತ್ರ ಹಾಕುತ್ತಿದ್ದರೆ ಎರಡು ಮೂರು ಕಡೆ ನೀರಿಡಿ. ಗಂಡು ಬೆಕ್ಕು ಮೂತ್ರಕ್ಕೆ ಕೂತು ತಿಣುಕುತ್ತಿದ್ದು ಏನೂ ಬರದಿದ್ದರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ವೈದ್ಯರ ಹತ್ತಿರ ಓಡಿ.

ಆಗಸ್ಟ್‌ನಲ್ಲಿ ಬೋಟು ಇಳಿದು ಮತ್ತೆ ಮೀನು ಬಂದ ಮೇಲೂ ನಾನು ಪ್ಯಾಕೆಟ್ ಬಿಟ್ಟಿಲ್ಲ. ಬರೀ ಮೀನೂ ಪೂರ್ತಿ ಊಟ ಅಲ್ಲ. ಹಲವು ಜಾತಿಯ ಹಸಿ ಮೀನಿನಲ್ಲಿ ವಿಟಮಿನ್ ಬಿ1 ಕೆಡಿಸುವ ಅಂಶ ಇರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ. ತಾರ್ಲೆಯಂಥ ಎಣ್ಣೆ ಮೀನನ್ನೇ ದಿನಾ ಹಾಕಿದರೆ ವಿಟಮಿನ್ ಇ ಸಾಲದೆ ಮೈಯ ಕೊಬ್ಬಿಗೆ ಉರಿಯೂತ ಬರಬಹುದು. ಒಣಮೀನಿನ ಉಪ್ಪಂತೂ ಬೇಡವೇ ಬೇಡ. ಈಗ ಕಾಳಿಗೆ ಹೊಟ್ಟೆ ತುಂಬ 'ಕಂಪ್ಲೀಟ್' ಆಹಾರ, ಅದರ ಮೇಲೆ ಉಪ್ಪು-ಖಾರ-ಈರುಳ್ಳಿ ಇಲ್ಲದೆ ಬೇಯಿಸಿ ಮುಳ್ಳು ತೆಗೆದ ಬಂಗಡೆಯ ಒಂದು ಚೂರು. ದಿನದ ಒಟ್ಟು ಆಹಾರದಲ್ಲಿ ಹತ್ತನೇ ಒಂದು ಭಾಗ ದಾಟದಂತೆ. ಅವಳು ಮೊದಲು ಬಂಗಡೆ ಮುಗಿಸಿ, ತಟ್ಟೆಯಲ್ಲಿ ಉಳಿದದ್ದನ್ನು ಆಮೇಲೆ, ಯಾರೂ ನೋಡದಿರುವಾಗ ತಿನ್ನುತ್ತಾಳೆ.